ಏಳನೇ ಕಲಮು ಮತ್ತು ಚಿಕ್ಕಮ್ಮನ ಲಾಂಡ್ರಿ

ಜನವರಿ ೧೮

ಘನತೆವೆತ್ತ ಅಕ್ಕನಿಗೆ,

ನಿನ್ನ ಬಾಯಿಬಡುಕ ತಮ್ಮನ ನಮಸ್ಕಾರ. ನಾನು ಶಾಸಕನಾಗಿದ್ದೇ ತಡ, ನ್ಯಾಯಾಧೀಶೆಯಾದ ನೀನು ನನ್ನ ಫೋನು ಎತ್ತುವುದನ್ನೇ ನಿಲ್ಲಿಸಿಬಿಟ್ಟೆ. "ಶಾಸಕ ತಮ್ಮನ ಜೊತೆ ಫೋನಲ್ಲಿ ಮಾತಾಡಿದ್ರೆ ಏನ್ ಮಾತಾಡಿದ್ಲೋ ಅಂತ ಜನ ಊಹೆ ಮಾಡ್ತಾರೆ. ಪತ್ರ ಆದ್ರೆ ಕೇಳಿದವರಿಗೆ ತೆಗೆದು ತೋರಿಸಬಹುದು" ಅಂದಿದ್ದೆ. ಹಾಗಾಗಿ ಈ ಪತ್ರವನ್ನು ಮುಂದೆಂದಾದರೂ ಓದಲಿರುವ ಸಮಸ್ತ ನಾಗರಿಕರಿಗೂ ನನ್ನ ನಮಸ್ಕಾರ.

ಮೊದಲ ಅಧಿವೇಶನ ಮುಗಿಯಿತು. ಹೊಸಬ ಎಂದು ನನಗೆ ಕಂಬದ ಹಿಂದಿನ ಕುರ್ಚಿ ಕೊಟ್ಟಿದ್ದಾರೆ. ಸಭಾಧ್ಯಕ್ಷರನ್ನು ನೋಡಲು ಕತ್ತನ್ನು ಎಡಕ್ಕೆ ಚಾಚಬೇಕು, ಮಂತ್ರಿಗಳನ್ನು ನೋಡಲು ಬಲಕ್ಕೆ. ದೂರದಿಂದ ನೋಡಿದರೆ ದಿನವಿಡೀ ಒಲ್ಲೆ ಒಲ್ಲೆ ಎಂದು ತಲೆಯಾಡಿಸುವವನ ಹಾಗೆ ಕಾಣುತ್ತೀಯ ಎಂದು ಪಕ್ಕದ ಸದಸ್ಯರು ನಗುತ್ತಾರೆ.

ಆ ದೊಡ್ಡ ಗೋದಾಮಿನ ಬೆಂಕಿ ನೆನಪಿದೆಯಲ್ಲ? ಅದರ ನಂತರ ಸರ್ಕಾರ ತರುತ್ತೇನೆ ಎಂದಿದ್ದ ಕಟ್ಟಡ ಸುರಕ್ಷತೆಯ ಕಾನೂನು ಕೊನೆಯ ದಿನ ಪಾಸಾಯಿತು. ಅಪಾಯಕಾರಿ ಎಂದು ಕಂಡ ಕಟ್ಟಡಕ್ಕೆ ಜಿಲ್ಲೆಯ ಅಧಿಕಾರಿ ಇನ್ನು ಮೇಲೆ ತಕ್ಷಣ ಬೀಗ ಜಡಿಯಬಹುದು. ಅಷ್ಟು ಜನ ಸತ್ತ ಮೇಲೆ ಅದು ಬೇಕಿತ್ತು. ಏಳನೇ ಕಲಮಿನ ಬಗ್ಗೆ ಒಂದು ಮಾತು ಕೇಳಬೇಕೆಂದು ಎದ್ದಿದ್ದೆ, ಇರಲಿ, ಈಗ ಅದೇಕೆ. ನಾವು ಯಾವುದಕ್ಕೆ ಕೈ ಎತ್ತಬೇಕೆಂದು ಹೇಳುವ ನಮ್ಮ ಪಕ್ಷದ ಸಚೇತಕರು ಒಮ್ಮೆ ತಿರುಗಿ ನೋಡಿದರು. ನಾನು ಪ್ಯಾಂಟು ಸರಿಮಾಡಿಕೊಳ್ಳಲು ಎದ್ದವನ ಹಾಗೆ ಕುಳಿತೆ. ಆಮೇಲೆ ಎಲ್ಲರ ಜೊತೆ ಕೈ ಎತ್ತಿದೆ. ಸದ್ಯ, ನಮ್ಮ ಮೇಲೆ ನ್ಯಾಯಾಧೀಶರು ನೀವೆಲ್ಲ ಇದ್ದೀರಲ್ಲ.

ತಾಯಿಯಿಲ್ಲದ ನಮ್ಮಿಬ್ಬರನ್ನು ಒಗೆದು, ಇಸ್ತ್ರಿ ಮಾಡಿ ಮನುಷ್ಯರನ್ನಾಗಿ ಮಾಡಿದ ಚಿಕ್ಕಮ್ಮ ಕ್ಷೇಮ. ಮೊದಲ ಅಧಿವೇಶನಕ್ಕೆಂದು ನನ್ನ ಅಂಗಿಗೆ ಎಷ್ಟು ಗಂಜಿ ಹಾಕಿದ್ದಳೆಂದರೆ ಕುಳಿತಾಗಲೆಲ್ಲ ಸದ್ದಾಗುತ್ತಿತ್ತು.

ನಿನ್ನ ತಮ್ಮ


ಜನವರಿ ೨೯

ಪ್ರೀತಿಯ ಬಾಯಿಬಡುಕನಿಗೆ,

ನಿನ್ನ ಪತ್ರ ಓದಿ ಒಬ್ಬಳೇ ನಕ್ಕೆ. ಬಾಗಿಲಲ್ಲಿ ನಿಂತಿದ್ದ ಆಪ್ತ ಕಾರ್ಯದರ್ಶಿಗೆ ಗಾಬರಿ. ನಾನು ಕೋಣೆಯಲ್ಲಿ ನಗುವುದನ್ನು ಅವರು ಈವರೆಗೆ ನೋಡಿರಲಿಲ್ಲವಂತೆ.

ನನ್ನ ಕೋಣೆಗೆ ಬಿಸಿಲು ಬರುವುದು ಮಧ್ಯಾಹ್ನ ಮಾತ್ರ. ಆಗ ಕಡತಗಳ ಧೂಳೆಲ್ಲ ಎದ್ದು ಕಾಣುತ್ತದೆ. ಬಲಗಣ್ಣಿನ ಪೊರೆ ಬಲಿತಿದೆ, ತೆಗೆಸಬೇಕು ಎಂದು ವೈದ್ಯರು ಹೇಳಿದ್ದಾರೆ. ಹೆದರುವಂಥದ್ದಲ್ಲ. ಚಿಕ್ಕಮ್ಮನಿಗೆ ಹೇಳಬೇಡ. ಹೇಳಿದರೆ ಅವಳು ಲಾಂಡ್ರಿ ಬಿಟ್ಟು ಇಲ್ಲಿಗೆ ಬಂದು ನನ್ನ ಪರದೆಗಳನ್ನೆಲ್ಲ ಬಿಚ್ಚಿ ಒಗೆಯಲು ಕೂರುತ್ತಾಳೆ.

ಇನ್ನು ಮೇಲೆ ಕಾನೂನು, ಕಲಮು, ಮಂತ್ರಿ, ಸಚೇತಕ ಯಾವುದನ್ನೂ ನನಗೆ ಬರೆಯಬೇಡ. ನಾಳೆ ಅದೇ ನನ್ನ ಮುಂದೆ ಬಂದರೆ ಕಷ್ಟ. ಅಂಥ ಪದಗಳು ಕಂಡೊಡನೆ ನಿನ್ನ ಪತ್ರದ ಆ ಭಾಗವನ್ನು ಓದದೆ ದಾಟಿಬಿಟ್ಟೆ. ಆದರೂ ಅಕ್ಕನಾಗಿ ಒಂದು ಮಾತು: ಕೈ ಎತ್ತುವ ಮುಂಚೆ ಪೂರ್ತಿ ಓದುತ್ತೀಯ ತಾನೆ? ಇದಕ್ಕೆ ಉತ್ತರ ಬೇಡ. ಓದುತ್ತೀಯ ಎಂದು ನನಗೆ ಗೊತ್ತು. ಚಿಕ್ಕವನಿದ್ದಾಗ ಔಷಧಿ ಬಾಟಲಿಯ ಚೀಟಿಯನ್ನೂ ಓದಿ ಮುಗಿಸಿಯೇ ಬಾಯಿ ತೆರೆಯುತ್ತಿದ್ದವನು ನೀನು.

ಹೊಟ್ಟೆಗೆ ಸರಿಯಾಗಿ ತಿನ್ನು.

ಅಕ್ಕ


ಮಾರ್ಚ್ ೫

ಅಕ್ಕಾ,

ವ್ಯಾಪಾರಿಗಳ ಸಂಘ ನ್ಯಾಯಾಲಯಕ್ಕೆ ಹೋಗಿದ್ದು, ಅದು ನಿನ್ನ ಪೀಠಕ್ಕೆ ಬಂದಿದ್ದು, ನೀನು ತೆರೆದ ನ್ಯಾಯಾಲಯದಲ್ಲೇ "ಈ ಕಾನೂನಿಗೆ ಕೈ ಎತ್ತಿದವರಲ್ಲಿ ನನ್ನ ತಮ್ಮನೂ ಒಬ್ಬ. ಯಾರಿಗಾದರೂ ಆಕ್ಷೇಪವಿದ್ದರೆ ಈಗಲೇ ಹೇಳಿ" ಎಂದು ಕೇಳಿದ್ದು, ಎರಡೂ ಕಡೆಯ ವಕೀಲರು ಆಕ್ಷೇಪವಿಲ್ಲ ಎಂದದ್ದು, ಎಲ್ಲವನ್ನೂ ಪತ್ರಿಕೆಯಲ್ಲಿ ಓದಿದೆ. ಅದರ ಬಗ್ಗೆ ನಾನು ಒಂದಕ್ಷರ ಬರೆಯುವುದಿಲ್ಲ. ನೋಡು, ಬರೆದೇ ಇಲ್ಲ.

ಕಣ್ಣಿನದು ಯಾವಾಗ? ನಾನು ಬಂದು ಆಸ್ಪತ್ರೆಯಲ್ಲಿ ಇರುತ್ತೇನೆ. ಚಿಕ್ಕಮ್ಮನಿಗೆ ಹೇಳಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಅವಳೇ ನನ್ನ ಮುಖ ನೋಡಿ ಕಂಡುಹಿಡಿದಳು. ಹಾಗಾಗಿ ಪರದೆ ಬಿಚ್ಚಿಡು.

ನಿನ್ನ ತಮ್ಮ


ಮಾರ್ಚ್ ೧೪

ಮಾನ್ಯರೇ,

ತಾವು ಮಾರ್ಚ್ ೫ರಂದು ಕಳುಹಿಸಿದ ಲಕೋಟೆಯನ್ನು ತೆರೆಯದೆ ಇದರೊಂದಿಗೆ ಹಿಂದಿರುಗಿಸಲಾಗಿದೆ. ತಮಗೆ ತಿಳಿದಿರುವ ಪ್ರಕರಣವು ಇತ್ಯರ್ಥವಾಗುವವರೆಗೆ ತಮ್ಮಿಂದ ಬರುವ ಯಾವುದೇ ಪತ್ರವನ್ನು ಸ್ವೀಕರಿಸದಂತೆ ಮಾನ್ಯ ನ್ಯಾಯಮೂರ್ತಿಗಳು ಸೂಚಿಸಿದ್ದಾರೆ. ಮಾನ್ಯರ ಕಣ್ಣಿನ ಶಸ್ತ್ರಚಿಕಿತ್ಸೆ ನಿನ್ನೆ ಸುಸೂತ್ರವಾಗಿ ನಡೆಯಿತು. ಇದನ್ನು ತಿಳಿಸಲು ನನಗೆ ಸೂಚನೆ ಇರಲಿಲ್ಲ.

ಆಪ್ತ ಕಾರ್ಯದರ್ಶಿ


ಜುಲೈ ೨

ನನ್ನ ಮುದ್ದು ಬಾಯಿಬಡುಕನಿಗೆ,

ನಿನ್ನೆ ತೀರ್ಪು ಕೊಟ್ಟೆ. ಇವತ್ತು ಮೊದಲ ಕೆಲಸ ಈ ಪತ್ರ. ಇಷ್ಟು ತಿಂಗಳು ನಿನ್ನ ಜೊತೆ ಮಾತು, ಪತ್ರ ಯಾವುದೂ ಇಲ್ಲದೆ ಇದ್ದದ್ದು ನನ್ನ ಬದುಕಿನಲ್ಲೇ ಮೊದಲು. ನಿನ್ನ ಲಕೋಟೆಯನ್ನು ಹಿಂದೆ ಕಳಿಸಿದಾಗ ಒಂದು ಕಣ್ಣಿಗೆ ಪಟ್ಟಿ ಇತ್ತು. ಇನ್ನೊಂದು ಕಣ್ಣು ಮಾತ್ರ ಹೇಳಿದ ಮಾತು ಕೇಳಲಿಲ್ಲ.

ಕಾನೂನು ಬೀಳದೆ ನಿಂತಿತು. ಏಳನೇ ಕಲಮೂ ನಿಂತಿತು. ಅಭಿನಂದನೆ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ನೀನು ಪತ್ರಿಕೆ ಓದಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿರುತ್ತೀಯ ಎಂದು ಊಹಿಸಿದೆ. ಆ ಊಹೆಗೆ ಯಾರ ಆಕ್ಷೇಪವೂ ಇರಲಾರದು.

ಈಗ ಬಲಗಣ್ಣಿನಲ್ಲಿ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ನನ್ನ ಗೋಡೆ ಬಿಳಿ ಎಂದುಕೊಂಡಿದ್ದೆ, ಹಳದಿಯಂತೆ. ರಜೆ ಇದೆ, ಬಾ. ನಿನ್ನ ಮಾತು ಕೇಳದೆ ಮನೆ ಬಿಕೋ ಎನ್ನುತ್ತಿದೆ.

ಅಕ್ಕ


ಜುಲೈ ೧೧

ಅಕ್ಕಾ,

ತೀರ್ಪು ಓದಿದೆ. ಭಾಷೆ ಚೆನ್ನಾಗಿದೆ. ಕ್ಷೇತ್ರದಲ್ಲಿ ಕೆಲಸ ಜಾಸ್ತಿ, ಸದ್ಯಕ್ಕೆ ಬರಲಾಗುವುದಿಲ್ಲ. ಕಣ್ಣು ಜೋಪಾನ.

ತಮ್ಮ


ಜುಲೈ ೧೯

ಏನೋ ಇದು? ನಾಲ್ಕೇ ಸಾಲು ಬರೆದು ಕಳಿಸಿದ್ದೀಯಲ್ಲ! ಜ್ವರವೇ? ಯಾರ ಜೊತೆಗಾದರೂ ಜಗಳವೇ? ಲಕೋಟೆ ಹಿಂದಿರುಗಿಸಿದ್ದಕ್ಕೆ ಕೋಪವೇ? ಕೋಪವಾದರೆ ನಾಲ್ಕು ಪುಟ ಬೈದು ಬರೆ. ಬೈಯುವಾಗಲಾದರೂ ನೀನು ನೀನಾಗಿರುತ್ತೀಯ.

ಅಕ್ಕ


ಸೆಪ್ಟೆಂಬರ್ ೨೦

ಅಕ್ಕಾ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಇವತ್ತು ಬರೆಯಲೇಬೇಕಾಗಿದೆ. ಚಿಕ್ಕಮ್ಮನ ಲಾಂಡ್ರಿಗೆ ಬೀಗ ಬಿದ್ದಿದೆ.

ಮೊನ್ನೆ ಬೆಳಿಗ್ಗೆ ಹೊಸ ಜಿಲ್ಲಾಧಿಕಾರಿ ನಮ್ಮ ಬೀದಿಗೆ ಬಂದರು. ಕೆಟ್ಟವರಲ್ಲ, ಚಿಕ್ಕ ವಯಸ್ಸು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು. ಹಬೆ ಬಾಯ್ಲರ್ ಇರುವ ಕಟ್ಟಡವೆಲ್ಲ ಅಪಾಯಕಾರಿ ಎಂದು ಅವರ ಕಚೇರಿಯಲ್ಲಿ ತೀರ್ಮಾನವಾಗಿದೆ. ಕೆಲಸದ ಹೆಂಗಸರು ಒದ್ದೆ ಕೈಯಲ್ಲೇ ಹೊರಗೆ ಬಂದು ನಿಂತರು. ಚಿಕ್ಕಮ್ಮ ಸೊಂಟಕ್ಕೆ ಕೈಕೊಟ್ಟು ಕೇಳಿದಳು:

"ಬಾಯ್ಲರ್‌ಗೆ ಏನಾಗಿದೆ ಅಂತ ನೋಡಿದ್ರಾ?"

"ಪರೀಕ್ಷೆ ಆಮೇಲೆ ಆಗುತ್ತಮ್ಮ."

"ಆಮೇಲೆ ಅಂದ್ರೆ?"

"ನಿಯಮ ಬಂದ್ಮೇಲೆ."

"ನಿಯಮ ಎಲ್ಲಿದೆ?"

"ರಾಜಧಾನೀಲಿ ಬರೀತಿದ್ದಾರೆ."

"ನನ್ನ ಮಾತು ಒಂದ್ಸಲ ಕೇಳಿಸ್ಕೊಂಡು ಆಮೇಲೆ ಬೀಗ ಹಾಕ್ಬಾರದಾ?"

"ಕೇಳ್ಲೇಬೇಕು ಅಂತ ಕಾನೂನಲ್ಲಿ ಇಲ್ಲಮ್ಮ" ಎಂದರು. ಹೇಳುವಾಗ ಅವರಿಗೇ ನಾಚಿಕೆಯಾದಂತಿತ್ತು.

ಬೀಗ ಹಾಕಿ, ಅರಗು ಸುರಿದು, ಮುದ್ರೆ ಒತ್ತಿದರು. ಅಷ್ಟರಲ್ಲಿ ಅವರ ಚಾಲಕ ಓಡಿಬಂದು ಕಿವಿಯಲ್ಲಿ ಏನೋ ಹೇಳಿದ. ಸಾಹೇಬರ ಕೋಟು ಒಳಗಿದೆ! ಮರುದಿನ ಮಂತ್ರಿಗಳ ಸಭೆಗೆ ಹಾಕಿಕೊಳ್ಳಬೇಕಾದ ಒಂದೇ ಒಂದು ಕೋಟು. ತೆಗೆದುಬಿಡಿ ಎಂದು ಯಾರೋ ಅಂದರು. ಹಾಕುವ ಅಧಿಕಾರ ಇವರಿಗಿದೆ, ತೆಗೆಯುವ ಅಧಿಕಾರ ಯಾರದ್ದೆಂದು ಕಾನೂನಿನಲ್ಲಿ ಬರೆದಿಲ್ಲ. ಅವರು ಕಾನೂನು ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿದರು. ಬೀದಿಗೆ ಬೀದಿಯೇ ನಕ್ಕಿತು, ಚಿಕ್ಕಮ್ಮನೂ ನಕ್ಕಳು. ಅವರು ಹೋದ ಮೇಲೆ ಮೆಟ್ಟಿಲ ಮೇಲೆ ಕುಳಿತಳು. ಆಮೇಲೆ ಬಹಳ ಹೊತ್ತು ಏಳಲೇ ಇಲ್ಲ. ನಾನು ಹೋಗಿ ಪಕ್ಕದಲ್ಲಿ ಕುಳಿತರೆ, "ಇದು ನೀನು ಮಾಡಿದ ಕಾನೂನಾ?" ಎಂದಳು. ಹೌದು ಎಂದೆ. "ನಿಮ್ಮಕ್ಕ ಸರಿ ಅಂದಿದ್ದಾ?" ಎಂದಳು. ಹೌದು ಎಂದೆ. "ಹಾಗಾದ್ರೆ ಸರಿಯಾಗೇ ಇರ್ಬೇಕು ಬಿಡು" ಎಂದಳು. ಅಕ್ಕಾ, ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಈಗ ಕೇಳು. ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸು. ಏಳನೇ ಕಲಮಿನಲ್ಲಿ ಬೀಗ ಹಾಕುವ ಮುಂಚೆ ಮಾಲೀಕರ ಮಾತು ಕೇಳಬೇಕೆಂದು ಇರಲಿಲ್ಲ. ನಾನು ಓದಿದ್ದೆ. ಪೆನ್ಸಿಲಿನಲ್ಲಿ ಗೆರೆ ಹಾಕಿದ್ದೆ. ಎದ್ದೂ ನಿಂತಿದ್ದೆ. ಆಮೇಲೆ ಯಾಕೆ ಕುಳಿತೆ ಗೊತ್ತಾ? ಸಚೇತಕರಿಗೆ ಹೆದರಿ ಅಂತ ನಾನೇ ನನಗೆ ಹೇಳಿಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಇದು ಹೇಗೂ ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿ ನಮ್ಮಕ್ಕ ಇದ್ದಾಳೆ, ಅವಳ ಕಣ್ಣು ತಪ್ಪಿಸಿ ಇಂಥದ್ದು ಹೋಗಲಾರದು ಎಂದುಕೊಂಡೆ. ನೀನು ಲಕೋಟೆ ಹಿಂದೆ ಕಳಿಸಿದಾಗ ಖುಷಿಪಟ್ಟೆ. ಅಕ್ಕ ಗಟ್ಟಿಯಾಗಿ ಕೂತಿದ್ದಾಳೆ, ಆ ಕಲಮನ್ನು ಹೊಡೆದುಹಾಕುತ್ತಾಳೆ ಎಂದು. ನೀನು ಸರಿ ಎಂದುಬಿಟ್ಟೆ! ಯಾಕೆ? ನಿನಗೆ ಹೇಗೆ ಕಾಣಿಸಲಿಲ್ಲ?

ತಮ್ಮ


ಸೆಪ್ಟೆಂಬರ್ ೨೯

ತಮ್ಮಾ,

ಮೊದಲ ದಿನ ನಿನ್ನ ಪತ್ರ ಹರಿದುಹಾಕಬೇಕೆನಿಸಿತು. ಎರಡನೇ ದಿನ ನಿನ್ನನ್ನು ಕರೆಸಿ ಕಪಾಳಕ್ಕೆ ಬಿಡಬೇಕೆನಿಸಿತು. ಇವತ್ತು ಬರೆಯುತ್ತಿದ್ದೇನೆ.

ಏಳನೇ ಕಲಮು ನನಗೂ ಕಾಣಿಸಿತ್ತು. ಅಲ್ಲಿಯೇ ಬಹಳ ಹೊತ್ತು ನಿಂತೆ. ಆಮೇಲೆ ನಿಮ್ಮ ಸದನದ ನಡವಳಿಯನ್ನು ತರಿಸಿ ಮೊದಲಿನಿಂದ ಕೊನೆಯವರೆಗೆ ಓದಿದೆ. ಒಬ್ಬ ಸದಸ್ಯನೂ ಆ ಕಲಮಿಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಜನರ ಪ್ರತಿನಿಧಿಗಳು ಯೋಚಿಸಿ ಮಾಡಿದ್ದನ್ನು ಅಷ್ಟು ಸುಲಭವಾಗಿ ನಾವು ಕೆಡವಬಾರದು, ಅಧಿಕಾರಿಗಳು ವಿವೇಕದಿಂದ ನಡೆಯುತ್ತಾರೆಂದು ನಂಬಬೇಕು ಎಂದು ಬರೆದೆ. ಬರೆದದ್ದು ಅದು. ಬರೆಯದ್ದು ಇದು: ಅಲ್ಲಿ ನನ್ನ ತಮ್ಮ ಕೂತಿದ್ದ. ಔಷಧಿ ಚೀಟಿಯನ್ನೂ ಬಿಡದೆ ಓದುವವನು, ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು. ಇದರಲ್ಲಿ ಹುಳುಕಿದ್ದರೆ ಅವನು ಸುಮ್ಮನಿರುತ್ತಿದ್ದನೇ?

ಎರಡೂ ಕಡೆಯ ವಕೀಲರಿಗೆ ಆಕ್ಷೇಪವಿರಲಿಲ್ಲ. ನನಗೆ ಆಕ್ಷೇಪ ಇರಬೇಕಿತ್ತು. ನಿನ್ನ ಮೇಲೆ ನನಗೆ ಪಕ್ಷಪಾತವಿದ್ದರೆ ಅದು ನಿನಗೆ ಅನುಕೂಲ ಮಾಡಿಕೊಡುವುದರಲ್ಲಿ ಇರುತ್ತದೆ ಎಂದು ಕಾದು ಕೂತಿದ್ದೆ. ನಂಬಿಕೆಯ ವೇಷ ಹಾಕಿ ಬರುತ್ತದೆಂದು ಹೊಳೆಯಲೇ ಇಲ್ಲ.

ನೀನು ನನ್ನನ್ನು ನೆಚ್ಚಿಕೊಂಡು ಕುಳಿತೆ, ನಾನು ನಿನ್ನನ್ನು ನೆಚ್ಚಿಕೊಂಡು ಬರೆದೆ. ಆ ಹುಡುಗ ಅಧಿಕಾರಿ ನಮ್ಮಿಬ್ಬರನ್ನೂ ನೆಚ್ಚಿಕೊಂಡು ಬೀಗ ಹಾಕಿದ. ಮೆಟ್ಟಿಲ ಮೇಲೆ ಕುಳಿತವಳು ಮಾತ್ರ ಚಿಕ್ಕಮ್ಮ.

ನನ್ನಿಂದ ಏನೂ ಆಗುವುದಿಲ್ಲ. ಅಧಿಕಾರಿಗೆ ಫೋನು ಮಾಡುವ ಹಾಗಿಲ್ಲ. ಚಿಕ್ಕಮ್ಮನಿಗೆ ಇಂಥ ವಕೀಲರ ಹತ್ತಿರ ಹೋಗು ಎಂದು ಹೇಳುವ ಹಾಗಿಲ್ಲ. ಅವಳು ಮೇಲ್ಮನವಿ ಹಾಕಿದರೆ ದೊಡ್ಡ ಪೀಠ ಕೇಳುತ್ತದೆ. ಅದರಲ್ಲಿ ನಾನು ಇರುವುದಿಲ್ಲ, ಆ ದಿನ ಆ ಮೊಗಸಾಲೆಯಲ್ಲೂ ಕಾಲಿಡುವುದಿಲ್ಲ. ಸಾಕಿದವಳಿಗೆ ನಾನು ಮಾಡಬಹುದಾದದ್ದು ದೂರ ಇರುವುದೊಂದೇ. ಎಷ್ಟು ಉರಿಯುತ್ತದೆ ಎಂದು ನಿನಗೆ ಗೊತ್ತಾಗಬೇಕು ಎಂದು ಬರೆದೆ.

ನಿನಗೆ ಏನು ಮಾಡಲು ಸಾಧ್ಯ ಎಂದು ನಾನು ಹೇಳುವುದಿಲ್ಲ. ಹೇಳಬಾರದು. ನಿನಗೆ ಬಾಯಿ ಇದೆ.

ಅಕ್ಕ


ನವೆಂಬರ್ ೬

ಅಕ್ಕಾ,

ಮೊನ್ನೆ ಸದನದಲ್ಲಿ ಮಾತಾಡಿದೆ.

ಸಚೇತಕರು ಹಿಂದಿನ ದಿನವೇ ಕರೆದು, ಚಹಾ ಕೊಡಿಸಿ, ಹೆಗಲ ಮೇಲೆ ಕೈಹಾಕಿ ಹೇಳಿದ್ದರು. "ನಮ್ಮ ಸರ್ಕಾರದ ಕಾನೂನು. ನ್ಯಾಯಾಲಯವೇ ಸರಿ ಅಂದಿದೆ. ನಿಮ್ಮಕ್ಕನೇ ಅಂದಿದ್ದಾರೆ! ನಿಮಗ್ಯಾಕ್ರೀ ಉಸಾಬರಿ?" ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ.

ಕಂಬದ ಹಿಂದೆ ನಿಂತರೆ ಯಾರಿಗೂ ಕಾಣುವುದಿಲ್ಲ ಎಂದು ನಡುದಾರಿಗೆ ಬಂದು ನಿಂತೆ. ನಾನು ಬಾಯಿಬಡುಕನೆಂದು ಯಾರು ಹೇಳಿದ್ದು? ಮೊದಲ ಮಾತು ಹೊರಡುವಷ್ಟರಲ್ಲಿ ಸಾಕುಸಾಕಾಯಿತು. "ಜನವರಿಯಲ್ಲಿ ನಾನು ಈ ಕಾನೂನಿಗೆ ಕೈ ಎತ್ತಿದೆ. ಏಳನೇ ಕಲಮು ತಪ್ಪೆಂದು ಗೊತ್ತಿದ್ದೇ ಎತ್ತಿದೆ. ತಪ್ಪನ್ನು ನ್ಯಾಯಾಲಯ ತಿದ್ದಲಿ ಎಂದು ಬಿಟ್ಟೆ. ಅದು ಅವರ ಕೆಲಸವಾಗುವ ಮುಂಚೆ ನನ್ನ ಕೆಲಸವಾಗಿತ್ತು" ಎಂದೆ. ಬೀಗ ಹಾಕುವ ಮುಂಚೆ ಮಾಲೀಕರ ಮಾತು ಕೇಳಬೇಕು, ಬೀಗ ತೆಗೆಯುವವರು ಯಾರೆಂದು ಬರೆಯಬೇಕು ಎಂಬ ತಿದ್ದುಪಡಿ ಮಂಡಿಸಿದೆ. ಬಿದ್ದುಹೋಯಿತು. ನನ್ನ ಜೊತೆ ಕೈ ಎತ್ತಿದವರನ್ನು ಎಣಿಸಲು ಒಂದು ಕೈಯ ಬೆರಳು ಹೆಚ್ಚಾಗಿತ್ತು.

ಸಂಜೆ ಪಕ್ಷದಿಂದ ಅಮಾನತಾದೆ. ಈಗ ಕಂಬವೂ ಇಲ್ಲ, ಬಾಗಿಲ ಪಕ್ಕದ ಕೊನೆಯ ಕುರ್ಚಿ. ಗಾಳಿ ಚೆನ್ನಾಗಿ ಬರುತ್ತದೆ.

ಚಿಕ್ಕಮ್ಮ ಮೇಲಿನ ಗ್ಯಾಲರಿಯಲ್ಲಿ ಕುಳಿತು ನೋಡಿದಳು. ಹೇಗಿತ್ತು ಎಂದು ಕೇಳಿದೆ. "ಕಾಲರ್ ಸರಿ ಇರ್ಲಿಲ್ಲ" ಎಂದಳು. ಆಮೇಲೆ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಬೀದಿಯ ಲಾಂಡ್ರಿಯವರೆಲ್ಲ ಸೇರಿ ಮೇಲ್ಮನವಿ ಹಾಕಿದ್ದಾರೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಲಕೋಟೆ ಹಿಂದೆ ಬಂದರೂ ನನಗೆ ಬೇಸರವಿಲ್ಲ.

ನಿನ್ನ ತಮ್ಮ


ಜನವರಿ ೩೦

ಪ್ರೀತಿಯ ಬಾಯಿಬಡುಕನಿಗೆ,

ಬಾಯಿಬಡುಕ ಎಂದು ಇವತ್ತು ಹೆಮ್ಮೆಯಿಂದ ಬರೆಯುತ್ತಿದ್ದೇನೆ.

ದೊಡ್ಡ ಪೀಠದ ತೀರ್ಪನ್ನು ನೀನೂ ಓದಿರುತ್ತೀಯ. ನಾನು ಎಲ್ಲರ ಹಾಗೆ ಪತ್ರಿಕೆಯಲ್ಲೇ ಓದಿದೆ. ಏಳನೇ ಕಲಮು ಹೋಯಿತು. ಮಾತು ಕೇಳದೆ ಬೀಗ ಹಾಕುವ ಹಾಗಿಲ್ಲ. ಬೆಂಕಿ ಹತ್ತುವಷ್ಟು ಅಪಾಯವಿದ್ದು ಹಾಕಲೇಬೇಕಾದರೂ ವಾರದೊಳಗೆ ಕೇಳಬೇಕು, ಪರೀಕ್ಷಿಸಬೇಕು, ಸರಿಯಿದ್ದರೆ ತೆಗೆಯಬೇಕು. ಕಾನೂನಿನ ಉಳಿದ ಭಾಗ ನಿಂತಿದೆ, ನಿಲ್ಲಬೇಕಾದದ್ದೇ. ಸದನದಲ್ಲಿ ಎಲ್ಲರದ್ದೂ ಒಂದೇ ಮಾತು ಎಂದು ಸರ್ಕಾರದ ವಕೀಲರು ವಾದಿಸಿದಾಗ ಪೀಠದ ಹಿರಿಯರು ನವೆಂಬರಿನ ನಡವಳಿ ಎತ್ತಿ ಹಿಡಿದು, "ಹಾಗಾದ್ರೆ ಇವರ್ಯಾರು?" ಎಂದು ಕೇಳಿದರಂತೆ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ನನ್ನ ತೀರ್ಪಿನ ಬಗ್ಗೆಯೂ ಬರೆದಿದ್ದಾರೆ. ಹಿಂದಿನ ಪೀಠ ಪರೀಕ್ಷಿಸಬೇಕಾದ ಕಡೆ ನಂಬಿತು ಎಂದು. ಒಂದೇ ವಾಕ್ಯ. ಚುಚ್ಚಿತು. ಸರಿಯಾದ ಜಾಗದಲ್ಲೇ ಚುಚ್ಚಿತು. ಮಧ್ಯಾಹ್ನ ಆ ಹಿರಿಯರು ಊಟದ ಕೋಣೆಯಲ್ಲಿ ಸಿಕ್ಕಾಗ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಚಿಕ್ಕಮ್ಮ ಪತ್ರ ಬರೆಸಿದ್ದಾಳೆ. ಬೀಗ ತೆಗೆದಾಗ ಒಳಗೆ ಬೂಷ್ಟಿನ ವಾಸನೆಗೆ ನಿಲ್ಲಲಾಗಲಿಲ್ಲವಂತೆ. ಯಾರದ್ದೋ ಮದುವೆಯ ಬಟ್ಟೆ ಪೂರ್ತಿ ಹಾಳು. ಇಸ್ತ್ರಿ ಮಾಡುತ್ತಿದ್ದ ಇಬ್ಬರು ಬೇರೆ ಕೆಲಸ ಹುಡುಕಿಕೊಂಡು ಊರು ಬಿಟ್ಟರಂತೆ, ಅವರು ಇನ್ನು ಬರುವುದಿಲ್ಲ. ಗೆದ್ದೆವು ಎಂದು ಕುಣಿಯಬೇಡ. ನಮ್ಮಿಬ್ಬರ ನಂಬಿಕೆಗೆ ಅವರು ಬೆಲೆ ತೆತ್ತರು. ಇದನ್ನು ನಾನು ಮರೆಯುವುದಿಲ್ಲ, ನೀನೂ ಮರೆಯಕೂಡದು.

ಅದಕ್ಕೇ ಒಂದು ಮಾತು. ಇನ್ನು ಮೇಲೆ ನಿನ್ನ ಕುರ್ಚಿಯಲ್ಲಿ ಕುಳಿತು ನನ್ನನ್ನು ನಂಬಬೇಡ. ನನ್ನ ತೀರ್ಪನ್ನು ಗುರುತಿಲ್ಲದವರು ಬರೆದದ್ದೆಂದು ಓದು. ನಾನೂ ನಿನ್ನ ಸದನದ ಕಾನೂನನ್ನು ಹಾಗೇ ಓದುತ್ತೇನೆ. ನೀನು ಕೈ ಎತ್ತಿದ್ದು ನನ್ನ ಪೀಠಕ್ಕೆ ಬಂದರೆ ಎದ್ದು ಹೋಗುತ್ತೇನೆ, ವಕೀಲರು ಎಷ್ಟೇ ಬೇಡವೆಂದರೂ. ತಪ್ಪು ಕಂಡರೆ ಮುಲಾಜಿಲ್ಲದೆ ಹೇಳು. ಕಚೇರಿಯಲ್ಲಿ ಒಬ್ಬರನ್ನೊಬ್ಬರು ನಂಬದೆ ಉಳಿಸಿದ ನಂಬಿಕೆಯೆಲ್ಲ ಮನೆಗೆ ಬರಲಿ. ಅಲ್ಲಿ ಜಾಗ ಬೇಕಾದಷ್ಟಿದೆ.

ನೀನಿಲ್ಲದೆ ಒಂದು ವರ್ಷವಾಯಿತು ಕಣೋ. ಬಾ.

ಅಕ್ಕ


ಮಾರ್ಚ್ ೧೦

ಅಕ್ಕಾ,

ಬಾಡಿಗೆ ಮನೆಗಳ ವಿಷಯದಲ್ಲಿ ನೀನು ಕಳೆದ ವಾರ ಕೊಟ್ಟ ತೀರ್ಪನ್ನು ಎರಡು ಸಲ ಓದಿದೆ. ಗುರುತಿಲ್ಲದವರು ಬರೆದದ್ದೆಂದೇ ಓದಿದೆ. ಮೊದಲ ಭಾಗ ಒಪ್ಪಿದೆ. ಎರಡನೇ ಭಾಗ ತಪ್ಪು. ಮನೆ ಖಾಲಿ ಮಾಡಿಸುವ ಮುಂಚೆ ಬಾಡಿಗೆದಾರರಿಗೆ ಕೊಡುವ ಕಾಲಾವಕಾಶ ಏನೇನೂ ಸಾಲದು. ಕಾನೂನಿನಲ್ಲಿ ಅಷ್ಟೇ ಇದೆ ಎಂದು ನೀನು ಬರೆದಿದ್ದೀಯ. ಹಾಗಾದರೆ ಕಾನೂನು ಬದಲಾಗಬೇಕು, ಅದು ನನ್ನ ಕೆಲಸ. ತಿದ್ದುಪಡಿ ಬರೆದು ಮುಗಿಸಿದ್ದೇನೆ. ಈ ಸಲ ಜೊತೆಗೆ ಕೈ ಎತ್ತಲು ಒಂದಷ್ಟು ಜನ ಹೆಚ್ಚಾಗಿದ್ದಾರೆ.

ಸೋಮವಾರ ಬೆಳಿಗ್ಗೆ ಸದನದಲ್ಲಿ ನಿನ್ನ ತೀರ್ಪು ಸಾಲದೆಂದು ಮಾತಾಡುತ್ತೇನೆ. ಭಾನುವಾರ ಮಧ್ಯಾಹ್ನ ಚಿಕ್ಕಮ್ಮನನ್ನು ಕರೆದುಕೊಂಡು ನಿನ್ನ ಮನೆಗೆ ಊಟಕ್ಕೆ ಬರುತ್ತೇನೆ.

ನಿನ್ನ ತಮ್ಮ